ಗ್ಲಾಸಿನ ಅಂಚಿನ ಮೇಲೆ ಬೆರಳು

ಮಾನ್ಯ ಅಧ್ಯಕ್ಷರಾದ ರವಿಶಂಕರ್ ಅವರೇ, ಮುಖ್ಯ ಅತಿಥಿ ಅಂಬಿಕ ಮೇಡಂ ಅವರೇ, ಬಂಗಾರಪೇಟೆಯಿಂದ ಬಂದಿರುವ ದ್ರಾಕ್ಷಿ ಬೆಳೆಗಾರರೇ, ಸಭಿಕರೇ,

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಈ ಹಳೆಯ ಕ್ಲಬ್ಬಿನಲ್ಲಿ ಇಪ್ಪತ್ತೈದು ವರ್ಷ ಬೇರರ್ ಆಗಿ ಟ್ರೇ ಹಿಡಿದ ಈ ಕೋದಂಡಪ್ಪನಿಗೆ ನಿಮ್ಮ ವೈನ್ ಸಂಘದ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ್ದೀರಿ. ಈ ಹಾಲ್‌ನಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಇದೇ ಮೊದಲು. ಬೆನ್ನು ಇನ್ನೂ ನಂಬುತ್ತಿಲ್ಲ.

ಗ್ಲಾಸು ಬದಲಾದರೆ ವೈನಿನ ರುಚಿ ಬದಲಾಗುತ್ತದೆಯೇ ಎಂದು ಕೇಳಿದಿರಿ. ಖಂಡಿತ ಬದಲಾಗುತ್ತದೆ. ಸ್ಟೀಲ್ ಲೋಟಕ್ಕೆ ಸುರಿದರೆ ಹುಳಿ ಮಾತ್ರ ಸಿಗುತ್ತದೆ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿದ್ದರೆ ಪರಿಮಳ ಒಳಗೇ ನಿಂತು ಮೂಗಿಗೆ ಬರುತ್ತದೆ. ಅಂಚು ತೆಳ್ಳಗಿದ್ದರೆ ತುಟಿಗೆ ಗಾಜು ತಿಳಿಯುವುದೇ ಇಲ್ಲ, ವೈನ್ ಒಂದೇ ತಿಳಿಯುತ್ತದೆ. ವೇದಿಕೆಯ ಮೇಲಿರುವ ಈ ಹನ್ನೆರಡು ಗ್ಲಾಸು ಅಂಥವು. ಕ್ಲಬ್ ಮುಚ್ಚಿದಾಗ ಆಂಡರ್ಸನ್‌ಪೇಟೆಯ ನನ್ನ ಮನೆಗೆ ಒಯ್ದಿದ್ದೆ. ಕದ್ದದ್ದು ಎಂದೇ ಅನ್ನಿ, ಈ ವಯಸ್ಸಿನಲ್ಲಿ ನನ್ನನ್ನು ಯಾರು ಹಿಡಿಯುತ್ತಾರೆ?

ತೆಳು ಗಾಜಿಗೆ ಇನ್ನೊಂದು ಗುಣವಿದೆ. ಗಣಿಯೊಳಗೆ ಬಂಡೆ ತಾನಾಗಿ ಸಿಡಿದು ಕುಸಿಯುವ ಮುಂಚೆ ಒಂದು ಸಣ್ಣ ನಡುಕ ಬರುತ್ತಿತ್ತು. ನಮ್ಮ ಕಾಲಿಗೆ ಅದು ತಿಳಿಯುತ್ತಿರಲಿಲ್ಲ, ಈ ಗ್ಲಾಸುಗಳಿಗೆ ತಿಳಿಯುತ್ತಿತ್ತು. ಸಣ್ಣಗೆ ಕೂಗುತ್ತಿದ್ದವು. ಗಣಿಗೆ ಇಳಿಯುತ್ತಿದ್ದ ನನ್ನ ತಮ್ಮ ಚಿರಂಜೀವಿ ಹೇಳಿದ್ದ, "ಅಣ್ಣಾ, ಅದು ಕೂಗ್ತಿದ್ದಂಗೇ ಶಾಫ್ಟಿಗೆ ಪೋನ್ ಮಾಡು. ಕೆಲ್ಸ ಬಿಟ್ಟು ಮ್ಯಾಲಕ್ಕೆ ಬತ್ತೀವಿ." ಎರಡು ಸಲ ಮಾಡಿದೆ. ಎರಡು ಸಲವೂ ಎಲ್ಲರೂ ಮೇಲೆ ಬಂದರು.

ಮೂರನೆಯ ಸಲ ಇಲ್ಲಿ ದೊಡ್ಡ ಅಧಿಕಾರಿಯೊಬ್ಬರ ಬೀಳ್ಕೊಡುಗೆ ನಡೆಯುತ್ತಿತ್ತು. ಅವರು ಮಾತಾಡುವಾಗ ನನ್ನ ಟ್ರೇಯಲ್ಲಿದ್ದ ಗ್ಲಾಸು ಕೂಗತೊಡಗಿತು. ಸಾಹೇಬರು ತಿರುಗಿ ನೋಡಿದರು. ನಾನೇನು ಮಾಡಿದೆ ಗೊತ್ತೇ? ಅಂಚಿನ ಮೇಲೆ ಬೆರಳಿಟ್ಟೆ. ಸದ್ದು ನಿಂತಿತು. ಭಾಷಣ ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ. ಚಪ್ಪಾಳೆಯ ನಡುವೆ ನೆಲ ಅದುರಿತು. ಚಿರಂಜೀವಿಯನ್ನು ಮೂರು ದಿನ ಕಳೆದು ಮೇಲೆ ತಂದರು.

ಅವನ ಹೆಂಡತಿ ಕೇಳಿದ್ದು ಒಂದೇ ಮಾತು. "ಬಾವಾ, ಅವತ್ತು ಗ್ಲಾಸು ಕೂಗ್ಲಿಲ್ವಾ?" ಇಲ್ಲ ಎಂದೆ. ಆ ಸುಳ್ಳನ್ನು ಇಷ್ಟು ವರ್ಷ ಹೊತ್ತು ನನಗೆ ಸಾಕಾಗಿದೆ. ಮೂರನೆಯ ಸಾಲಿನಲ್ಲಿ ಕೂತಿರುವ ಕನಕಮ್ಮ, ಅವತ್ತು ಕೂಗಿತ್ತಮ್ಮ.

ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಕೆಳಗೆ ನೀರು ತುಂಬಿದೆ, ಕೆಲಸಕ್ಕೆ ಯಾರೂ ಇಳಿಯುವುದಿಲ್ಲ. ಹಾಗಾದರೆ ಇದೇನು ಸದ್ದು? ಮೈಕಿನದಲ್ಲ. ಮೈಕ್ ಆರಿಸಿ ನೋಡಿ, ನನ್ನ ದನಿ ಹಿಂದಿನ ಸಾಲಿಗೂ ಕೇಳುತ್ತದೆ. ನೋಡಿದಿರಾ, ಇನ್ನೂ ಇದೆ. ಹನ್ನೆರಡರಲ್ಲಿ ಒಂದೇ ಒಂದು ಗ್ಲಾಸು ಕೂಗುತ್ತಿದೆ, ಅಧ್ಯಕ್ಷರ ಮುಂದಿರುವುದು. ಅವತ್ತು ನನ್ನ ಟ್ರೇಯಲ್ಲಿದ್ದದ್ದೂ ಅದೇ, ಅಂಚಿನಲ್ಲಿ ಚೂರು ಹಾರಿದೆ.

ಅಧ್ಯಕ್ಷರೇ, ಕೈಮುಗಿಯುತ್ತೇನೆ, ಅದರ ಮೇಲೆ ಬೆರಳಿಡಬೇಡಿ.

ಫೋನ್ ಮಾಡಲು ಈಗ ಕೆಳಗೆ ಯಾರೂ ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಎಲ್ಲರೂ ಎದ್ದು, ನೂಕದೆ, ಹೊರಗಿನ ಬಯಲಿಗೆ ನಡೆಯಿರಿ. ಶಾಲು ಹೊದಿಸಿ ಕುರ್ಚಿ ಕೊಟ್ಟದ್ದಕ್ಕೆ ನಾನು ಕೃತಜ್ಞ. ಕನಕಮ್ಮ, ಮೊದಲು ನೀನು ನಡಿಯಮ್ಮ. ನಮಸ್ಕಾರ.