ಬೀಗದೊಳಗಿನ ಪ್ರಬಂಧ

ವಿಶ್ವವಿದ್ಯಾಲಯದ ಗೇಟಿನಿಂದ ತುಸು ದೂರದಲ್ಲಿ ಬಸ್ಸಿಗೆ ಕಾಯುತ್ತ, ಕೈಚೀಲವನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದ ಗ್ರಂಥಪಾಲಕಿಯ ಕಿವಿ ನೆಟ್ಟಗಾಯಿತು. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಮಾತಾಡುತ್ತಿದ್ದರು.

“ಡಾಕ್ಟರೇಟ್ ಅಂತ ಆರು ವರ್ಷ ಬರೆದಿದ್ದೀಯ. ಯಾರೂ ಓದೋ ಹಾಗಿಲ್ಲ ಅಂದ್ರೆ ಏನೇ?”

“ಮೂರು ಜನ ಪರೀಕ್ಷಕರು ಓದ್ತಾರಮ್ಮ. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ.”

“ಅಂಥದ್ದೇನಿದೆ ಅದ್ರಲ್ಲಿ?”

“ಊರಿನ ನೀರು, ಕರೆಂಟು ಎಲ್ಲಿ ಕೈಯಿಟ್ಟರೆ ನಿಂತುಹೋಗುತ್ತೆ, ಹೇಗೆ ಕಾಪಾಡ್ಬೇಕು ಅಂತಿದೆ. ಕೆಟ್ಟವರ ಕೈಗೆ ಸಿಕ್ಕರೆ?”

“ನನ್ನ ಕೈಗೆ ಸಿಕ್ಕರೇನಾಗುತ್ತೆ? ಬಲ್ಬ್ ಬದಲಾಯಿಸೋಕೂ ನಿನ್ನನ್ನೇ ಕರೀತೀನಿ.”

ಮಗಳು ನಗಲಿಲ್ಲ.

“ಮೊದಲ ಪುಟದಲ್ಲಿ ‘ಅಮ್ಮನಿಗೆ’ ಅಂತ ಬರೆದಿದ್ದೀನಿ.”

“ಅದೊಂದು ಪುಟ ತೋರಿಸೇ.”

“ಅದೂ ಬೀಗದೊಳಗೇ.”



“ಸೋಮವಾರ ಪರೀಕ್ಷೆಗೆ ನಿನ್ನ ಜೊತೆ ಯಾರಿರ್ತಾರೆ?”

“ಯಾರೂ ಇರಲ್ಲ. ಹೊರಗಿನವರನ್ನ ಗೇಟೊಳಗೂ ಬಿಡಲ್ಲ.”

“ನಾನೂ ಹೊರಗಿನವಳೇನೇ?”

ಅಷ್ಟರಲ್ಲಿ ಬಸ್ಸು ಬಂತು. ಮಗಳು ಎದ್ದಳು. ತಾಯಿ ಮಾತ್ರ ಬೆಂಚಿನ ಆ ತುದಿಗೆ ಸರಿದು, ಕತ್ತು ಚಾಚಿ ನೋಡಿದಳು.

“ಇಲ್ಲಿಂದ ಗೇಟು ಕಾಣುತ್ತೆ ಕಣೇ. ಸೋಮವಾರ ಇಲ್ಲೇ ಕೂತಿರ್ತೀನಿ.”

“ಮುಗಿಯೋದು ಸಂಜೆಯಾಗುತ್ತಮ್ಮ.”

“ಆಗ್ಲಿ ಬಿಡು. ಬಂದ ಬಸ್ ಹತ್ತಲ್ಲ, ಅಷ್ಟೇ ತಾನೇ.”