ತಗಡಿನ ಕೆಳಗ ಮೂವತ್ನಾಕು

...ಅಲ್ಲವಾ ಸ್ನೇಹಲ್, ಆ ಸರ್ಕಾರಿ ವಕೀಲ ಇವತ್ತ ಕೋರ್ಟಿನ್ಯಾಗ ಅಂದದ್ದು ಕೇಳಿದ್ಯಿಲ್ಲೋ? "ಇವರ ಥರ್ಮಾಮೀಟರೇ ಆವತ್ತು ಮೂವತ್ನಾಕು ತೋರಿಸ್ಯದ. ಹುಡುಗಿ ಬಿಸಿಗಲ್ಲ, ಹಸಿವಿಗೆ ಬಿದ್ದಿರಬೇಕು!" ಹಸಿವಿಗಂತ! ಕಲ್ಲವ್ವ ಅಲ್ಲೇ ಕುಂತಿದ್ಲು, ಮಗಳು ಗೋದಾನ್ನ ತೊಡಿ ಮ್ಯಾಲ ಮಲಗಿಸ್ಕೊಂಡು. ತಗಡಿನ ಶಾಲ್ಯಾಗ ಬಿದ್ದ ಹುಡುಗಿ ಇನ್ನೂ ತನ್ನ ಹೆಸರು ಹೇಳವಲ್ಲಳು. ಆ ತಾಯಿಗೆ ಹೇಳ್ತಾನ, ನೀ ಉಣಿಸಿಲ್ಲಂತ!

ಯಾಕ ನಗ್ತಿ? ಸದಾಶಿವ ಪೇಠದ ಮನ್ಯಾಗ ಫ್ಯಾನ್ ಕೆಳಗ ಕುಂತು ನಗೂದು ಸುಲಭ ಅದ. ಜಡ್ಜ್ ಸಾಹೇಬ್ರ ಮುಂದ ನಾ ಒದರಿದ್ದು ತಪ್ಪೇನು? ಒದರ್ತೀನಿ! ರಾಂಜಣಗಾಂವದ ಕಾರಖಾನ್ಯಾಗ ಭಟ್ಟಿ ಮುಂದ ಅರ್ಧ ಆಯುಷ್ಯ ತೆಗದಾಂವ ನಾ. ಬಿಸಿ ಅಂದ್ರೇನಂತ ಕರೇ ಕೋಟಿನಾಂವ ನನಗ ಕಲಸ್ತಾನ? ಏಳನೇತ್ತಾ ಫೇಲು, ಖರೆ. ಆದ್ರ ನೀ ಬರದ ಹವಾಮಾನದ ಪುಸ್ತಕ ಡಿಕ್ಷನರಿ ಹಿಡಕೊಂಡು ಓದೀನಿ. ಹೊಗಿ ಬಿಟ್ಟಾರು ಯಾರು, ಭೂಮಿ ಕಾದದ್ದು ಯಾಕ, ಕಾದ ತಗಡಿನ ಕೆಳಗ ಕುಂಡ್ರೋವು ಯಾರ ಮಕ್ಕಳು... ಎಲ್ಲಾ ತಿಳದದ. ಅದಕ್ಕ ಮಕ್ಕಳ ಹೆಸರಿಲೇ ಸರ್ಕಾರದ ಮ್ಯಾಲ ಕೇಸ್ ಹಾಕಿಸ್ದೆ. ನಮ್ಮನ್ನ ಸುಡಬ್ಯಾಡ್ರಿ ಅಂತ. ಅಷ್ಟ!

ನೀ ಲೆಕ್ಕಾ ಹಾಕಿ ತೋರಿಸಿದಿ, ಭೂಮಿ ಹಿಂಗ ಕಾಯದಿದ್ರ ಇಂಥಾ ಬಿಸಿ ಬರ್ತಿದ್ದಿಲ್ಲಂತ. ನಾ ದಿನಾ ಮಧ್ಯಾಹ್ನ ಶಾಲಿಗೆ ಹೋಗಿ, ಗೋದಾ ಕುಂಡ್ರೋ ಜಾಗಾದಾಗ ಥರ್ಮಾಮೀಟರ್ ತೂಗಹಾಕಿ, ನೋಡಿ, ನಿನಗ ಫೋನಿನ್ಯಾಗ ಕಳಿಸಿದೆ. ನಲವತ್ತು, ನಲವತ್ತೆರಡು... ಒಂದಿನಾನೂ ತಪ್ಪಿಸಿಲ್ಲ. ಆಕಿ ಬಿದ್ದ ದಿನ ಅಷ್ಟ ಮೂವತ್ನಾಕು. ನಾ ಏನ್ ಮಾಡ್ಲಿ? ಮೋಡ ಆಗಿತ್ತೋ ಏನೋ... ಹಾಂ, ಮೋಡ! ಗುರುವಾರ ಕೋರ್ಟಿನ್ಯಾಗ ಹಂಗ ಹೇಳೂಣು. ಉತ್ತರ ಕೊಡದಿದ್ರ ಕೇಸ್ ಹೋತು, ಗೋದಾನ ನ್ಯಾಯಾನೂ ಹೋತು.

ಏ, ನನ್ನ ಚೀಲದಾಗ ಕೈ ಯಾಕ ಹಾಕ್ತಿ? ಸಾವಕಾಶ ತಗಿ ಥರ್ಮಾಮೀಟರ್, ಗಾಜಿನ ವಸ್ತು. ಶಾಲ್ಯಾಗ ಬಿಟ್ರ ಹುಡುಗೂರು ಒಡೀತಾವಂತ, ಎಲ್ಲಿ ಹೋದ್ರೂ ಸಂಗಾಟನ ಒಯ್ತೀನಿ.

ಅದರ ಸಂದಿನ್ಯಾಗ ಉಗುರಿಲೆ ಏನ್ ಕೆರೀತಿ?

...ಅರಿಷಿಣ. ಭಂಡಾರ ಅದು. ಖಂಡೋಬನ ಒಕ್ಕಲು ನಾವು, ನನ್ನ ಅಂಗಿ ಝಾಡಿಸಿದ್ರೂ ಬೀಳ್ತದ! ಎಂದರ ಹತ್ತಿರಬೇಕು.

ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಯಾಕ ತಿರುವ್ತಿ? ಗೋದಾ ಬಿದ್ದದ್ದು ಸೋಮವಾರ, ಹೌದು. ಅಮಾಸಿ, ಹೌದು! ಏನೀಗ? ಸೋಮವಾರದ ಅಮಾಸಿಗೆ ನಮ್ಮ ಮಂದಿ ಖಂಡೋಬನ ಜೇಜುರಿ ಜಾತ್ರಿ ತಪ್ಪಸ್ತಾರೇನು? ನಿಮ್ಮಪ್ಪ ಪಾಲಖಿಗೆ ಹೆಗಲು ಕೊಟ್ಟಾಗ ಬಾಜೂಕ ನಾನ...

...

ಹಂಗ ನೋಡಬ್ಯಾಡವಾ. ಬೈ. ಆ ವಕೀಲನ್ನ ಬೈದಂಗ ಬೈ ನನ್ನ. ಏನರೆ ಅನ್ನು!

ಸುಳ್ಳು ಕಳಿಸಿಲ್ಲ ನಾ. ಖಂಡೋಬನ ಆಣಿ, ನೋಡೇ ಕಳಿಸಿದ್ದೆ. ಜೇಜುರಿ ಧರ್ಮಶಾಲಿ ಅಂಗಳದಾಗ ತೂಗಹಾಕಿ, ಎರಡು ಸಲ ನೋಡಿ...

ಭಾಳ ತಂಪಿತ್ತು, ಆ ಬೇವಿನ ನೆರಳು.