ಅರವತ್ತಮೂರು ಮನೆಗಳ ಭಾನು

ಗುಂಡ್ಲುಪೇಟೆಯಲ್ಲಿ ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ನಾಲ್ಕಾದರೂ ಬಿಡಲಿಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಚಿಕ್ಕಬಸವಯ್ಯನವರ ಸ್ಟುಡಿಯೋಗೆ ನಾನು ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋಗಿದ್ದೆ. ಅವರು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ನನ್ನ ಬೆನ್ನ ಹಿಂದಿದ್ದ ಬಿರುಕು ಗೋಡೆಯನ್ನು ತೆಗೆದು ಬಿಳಿ ಬಣ್ಣ ಕೂರಿಸುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಎರಡು ನಿಮಿಷ ಕಿರುಚಿ ಸುಮ್ಮನಾಯಿತು.

ಮಳೆಗೆ ಸಿಕ್ಕಿಕೊಂಡು ಇನ್ನಿಬ್ಬರು ಅಲ್ಲೇ ಕೂತಿದ್ದರು. ಒಬ್ಬ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ಬಂದಿದ್ದ ಹಂಗಳದ ಮಾದಣ್ಣ. ಇನ್ನೊಬ್ಬಳು ಇಲ್ಲಿಯೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸ್ಪಂದನಾ.

"ಏನ್ ಬಸವಯ್ಯ, ಈ ಹೈದನ ಮೊಕಾನೂ ಅಳ್ಸಾಕ್ಬುಟ್ಯಾ?" ಎಂದ ಮಾದಣ್ಣ, ಕತ್ತಲಾದ ಪರದೆ ತೋರಿಸಿ.

ನಾವು ಮೂವರೂ ನಕ್ಕೆವು. ಚಿಕ್ಕಬಸವಯ್ಯ ನಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಬಾಗಿಲ ಹತ್ತಿರ ಬೆಳಕಿದ್ದ ಕಡೆ ಕುರ್ಚಿ ಎಳೆದುಕೊಂಡು ಕೂತರು.

"ಆ ಮಾತ ಆಡ್ಬ್ಯಾಡ ಕಣ್ಲಾ ಮಾದಣ್ಣ. ಒಂದ್ಸಲ ಅಳ್ಸುಬುಟ್ಟೀನಿ ನಾನು... ಎಂಗೂ ಮಳೆ ಬುಡಂಗಿಲ್ಲ, ಕೇಳಿ.

"ಹನ್ನೆರಡು ವರ್ಸ ಆಯ್ತು. ಇಂಗೇ ಮಳೆಗಾಲ. ಹರವೆಯಿಂದ ಒಂದು ಕೂಸು ಬಂತು, ಭಾನು ಅಂತ. ಇಪ್ಪತ್ತೋ ಇಪ್ಪತ್ತೊಂದೋ ಇರ್ಬೋದು, ಚೆಂಡುಹೂ ಹೊಲದಲ್ಲಿ ಹೂ ಕೀಳಾಕೆ ಕೂಲಿಗೆ ಓಗ್ತಿದ್ದ ಕೂಸು. ಗಂಡಿನ ಕಡೆಯೋರ್ಗೆ ಕಳ್ಸಾಕೆ ಫೋಟೋ ಬೇಕು ಅಂತು. ಪಕ್ಕದ್ಮನೆಯೋರ ಹಸುರು ರೇಷ್ಮೆ ಸೀರೆ ಕೇಳಿ ಉಟ್ಕಬಂದಿತ್ತು. ಆದ್ರೆ ಬೆರಳು... ಬೆರಳೆಲ್ಲ ಹೂವಿನ ಹಳದಿ ಹಿಡ್ದೋಗಿತ್ತು. ಎಷ್ಟುಜ್ಜುದ್ರೂ ಓಗಾಕಿಲ್ಲ ಅಂತ ಸೆರಗೊಳಗೆ ಮುಚ್ಕತಿತ್ತು. ಕೈಯ ತೊಡೆ ಮ್ಯಾಲೆ ಮಡಿಕಳವ್ವ, ದುಡ್ದ ಕೈಗೇನು ನಾಚ್ಕೆ ಅಂತ ನಾನೇ ಗದರ್ದೆ. ಫೋಟೋ ತಗುದ್ಮೇಲೆ ಏನ್ ಕೇಳ್ತು ಗೊತ್ತಾ? ಅಣ್ಣಾ, ಅವ್ರಿಗೆ ಕಳ್ಸಾದುಕ್ಕೆ ನೀಲಿ ಇರ್ಲಿ, ನಂಗೊಂದು ಕಾಪಿ ಬೇಕು, ಅದ್ರ ಇಂದ್ಗಡೆ ಸಮುದ್ರ ಆಕ್ಕೊಡಿ, ಅಂತು. ಯಾಕಮ್ಮಿ ಸಮುದ್ರ ಅಂದ್ರೆ, ನೋಡಿಲ್ವಲ್ಲ ಅದುಕ್ಕೆ ಅಂದು ನಕ್ತು. ನಾಳಿದ್ದು ಬಾ ಅಂದೆ.

"ಮಾರ್ನೇ ದಿನ ನಿಮ್ಮ ಹಂಗಳದೋರೇ ಬಂದ್ರು. ಸೋಮಮ್ಮ ಅಂತ ಒಬ್ಬ ಮುದ್ಕಿ ತೀರ್ಕಂಡಿತ್ತು, ಬೆಳಗಾದ್ರೆ ತಿಥಿ, ಎಡೆ ಮುಂದೆ ಇಡಾಕೆ ಫೋಟೋ ಇಲ್ಲ. ಓಟಿನ ಕಾರ್ಡ್‌ನಲ್ಲಿ ಉಗುರಷ್ಟು ಮೊಕ ಅದೆ, ಮೈ ಇಲ್ಲ. ನೀವು ನೋಡಿಲ್ವಾ? ನಮ್ಮೋರು ಹರಕ್ಲು ಸೀರೇಲೇ ಜೀವ್ನ ಕಳ್ದಿರ್ತಾರೆ, ಸತ್ಮೇಲೆ ಗೋಡೆ ಮ್ಯಾಲಾದ್ರೂ ರೇಷ್ಮೆ ಉಟ್ಕಂಡು ಕುಂತಿರ್ಲಿ ಅಂತ ಮಕ್ಕಳ್ಗೆ ಆಸೆ. ಹುಡುಕ್ದೆ, ಹುಡುಕ್ದೆ... ಭಾನು ಫೋಟೋನೇ ಸರ್ಯಾಗಿತ್ತು. ರೇಷ್ಮೆ ಅದೆ, ಕೈ ಮಡಿಕ್ಕಂಡು ಕುಂತದೆ, ಬೆಳಕು ಚೆಂದಾಗೇ ಅದೆ. ಆ ಕೂಸಿನ ಮೊಕ ಅಳ್ಸುದೆ, ಮುದ್ಕಿ ಮೊಕ ಕೂರುಸ್ದೆ, ಇಂದ್ಗಡೆ ನೀಲಿ ಬಳುದು ಕೊಟ್ಕಳ್ಸುದೆ."

"ಅದ್ರಲ್ಲೇನ್ ತಪ್ಪು? ಎಲ್ಲಾ ಸ್ಟುಡಿಯೋದೋರೂ ಮಾಡ್ತಾರೆ" ಎಂದ ಮಾದಣ್ಣ.

"ತಪ್ಪು ಅಲ್ಲಿಲ್ಲ ಕಣ್ಲಾ. ಈಗ ಈ ಹೈದನ ಇಂದಿದ್ದ ಗೋಡೆ ತಗುದ್ನಲ್ಲ, ಅದು ಮಾಸ್ಕು. ಬೇಡದ್ದನ್ನ ಮುಚ್ಚಾದು ಅಷ್ಟೇ. ಕಪ್ಪು ಬಳುದ್ರೆ ಮರೆ ಆಯ್ತದೆ, ಅದ್ರ ಮ್ಯಾಲೇ ಬಿಳಿ ಬಳುದ್ರೆ ಇದ್ದಂಗೇ ವಾಪಸ್ ಬತ್ತದೆ. ಆಗ ನಂಗೆ ಅದು ಗೊತ್ತಿರ್ನಿಲ್ಲ. ಅಳ್ಸಾ ರಬ್ಬರು ಒಂದೇ ಗೊತ್ತಿದ್ದಿದ್ದು. ರಬ್ಬರಲ್ಲಿ ಅಳ್ಸುದ್ರೆ ಆ ಜಾಗದಲ್ಲಿ ಬೂದಿ-ಬಿಳಿ ಚೌಕಳಿ ಕಾಣ್ತದೆ, ಸಣ್ಣ ಚೌಕಳಿ ಟವಲ್ ಇದ್ದಂಗೆ. ಅಂದ್ರೆ ಅಲ್ಲೇನೂ ಇಲ್ಲ ಅಂತ. ಅದೇ ಫೈಲ್ನ ಸೇವ್ ಮಾಡ್ಬುಟ್ಟೆ. ಕ್ಯಾಮರಾ ಕಾರ್ಡನ್ನೂ ಖಾಲಿ ಮಾಡ್ಬುಟ್ಟೆ. ನಾಳೆ ಬತ್ತದಲ್ಲ ಕೂಸು, ಇನ್ನೊಂದ್ಸಲ ಕೂರ್ಸಿ ತಗುದ್ರಾಯ್ತು ಅಂತ...

"ನಾಳೆ ಬರ್ನಿಲ್ಲ."

ಹೊರಗೆ ಯಾವುದೋ ಬಸ್ಸು ನೀರು ಚಿಮ್ಮಿಸುತ್ತ ಹೋಯಿತು. ಹೂ ಕೀಳುವವರನ್ನು ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋ ಅವತ್ತು ಬೆಳಗ್ಗೆ ಮಗುಚಿತ್ತು ಎಂದು ಚಿಕ್ಕಬಸವಯ್ಯ ಹೇಳಿದರು. ಸತ್ತಿದ್ದು ಭಾನು ಒಬ್ಬಳೇ. ಪೆಟ್ಟು ಬಿದ್ದಿದ್ದು ಮುಖಕ್ಕೆ. ಬಟ್ಟೆ ಸುತ್ತಿಯೇ ಮನೆಗೆ ತಂದರು, ಬಿಚ್ಚಬೇಡಿ ಎಂದರು. ತಾಯಿ ಪುಟ್ಟಸಿದ್ದಮ್ಮ ಮಗಳ ಮುಖ ನೋಡದೆಯೇ ಮಣ್ಣು ಹಾಕಿದಳು.

"ಒಂಬತ್ತನೇ ದಿನ ಆ ತಾಯಿ ಇಲ್ಲಿಗೇ ಬಂದ್ಲು. ಬರಿಗಾಲಲ್ಲಿ. ನನ್ ಕೂಸು ಇಲ್ಲಿ ಫೋಟೋ ತಗುಸ್ಕಂಡಿತ್ತಂತೆ, ಕೊಡಪ್ಪ, ಮೊಕ ನೋಡ್ಬೇಕು, ಅಂದ್ಲು."

"ಬೇರೆ ಫೋಟೋನೇ ಇರ್ಲಿಲ್ವಾ ತಾತ?" ಎಂದು ಕೇಳಿದಳು ಸ್ಪಂದನಾ.

"ಏಳ್ನೇ ಕ್ಲಾಸಿಂದು ಒಂದಿತ್ತಂತೆ ಕಣಮ್ಮಿ, ನಲವತ್ತು ಮಕ್ಕಳ ಮಧ್ಯ ಅಕ್ಕಿಕಾಳಷ್ಟು. ಓಟಿನ ಕಾರ್ಡ್‌ನಲ್ಲಿ ಮಸಿ ಬಳುದಂಗಿತ್ತು. ನಾನ್ ಏನ್ ಏಳ್ಲಿ? ನಿನ್ ಮಗಳ ಮೊಕ ಅಳ್ಸಿ ಹಂಗಳದ ಮುದ್ಕಿಗೆ ಮೈ ಕೊಟ್ಟೆ ಅಂತ ಏಳ್ಳಾ? ಕ್ಯಾಮರಾ ಕೆಟ್ಟಿತ್ತು ಕಣವ್ವ, ಫೋಟೋ ಬರ್ನಿಲ್ಲ, ಅಂದ್ಬುಟ್ಟೆ. ಅವ್ಳು ಜಗಳ ಆಡ್ಲಿಲ್ಲ, ಅಳ್ಲಿಲ್ಲ. ಅಲ್ನೋಡಿ, ಆ ಸ್ಟೂಲು... ಕೂಸು ಕುಂತಿದ್ದು ಇದ್ರ ಮ್ಯಾಲಾ ಅಂದ್ಲು. ಊಂ ಅಂದೆ. ಅದನ್ನ ಅಂಗೈಯಲ್ಲಿ ಸವರಿ ಒಂಟೋದ್ಲು.

"ಅಷ್ಟುಕ್ಕೆ ನಿಲ್ಸುದ್ನಾ ನಾನು? ಇಲ್ಲ. ಆ ಮೈ ಜನಕ್ಕೆ ಇಷ್ಟ ಆಗೋಗಿತ್ತು. ಸೋಮಮ್ಮುನ ಫೋಟೋ ನೋಡ್ದೋರು, ನಮ್ಮವ್ವುಂಗೂ ಅಂಗೇ ಮಾಡ್ಕೊಡಿ ಅಂತ ಬಂದ್ರು. ಬೇಗೂರು, ತೆರಕಣಾಂಬಿ, ಚಾಮರಾಜನಗರದ ಆಚೆ ತನಕ. ಯಾರ್ ಸತ್ರೂ ಅದೇ ಹಸುರು ಸೀರೆ, ಅದೇ ಹಳದಿ ಬೆರಳು. ಮೊಕ ಮಾತ್ರ ಅವರವರ್ದು. ಬೆರಳು ಬೆಳ್ಳುಗೆ ಮಾಡಾಕೆ ಎಷ್ಟೋ ಸಲ ಕುಂತೆ... ಪರದೇಲಿ ಓಯ್ತಿತ್ತು, ಪ್ರಿಂಟ್ ತಗುದ್ರೆ ಮತ್ತೆ ಹಳದಿ. ಇಂಕು ಸರಿಯಿಲ್ಲ ಅಂದ್ಕಂಡೆ. ಮನ್ಸ ತನಗೆ ಬೇಕಾದಂಗೆ ಅಂದ್ಕತಾನೆ, ಅಲ್ವಾ?

"ಆಮೇಲೊಂದಿನ ಇದೇ ಒತ್ತು, ಇಂಗೇ ಮಳೆ, ಇಂಗೇ ಕರೆಂಟು ಓಯ್ತು. ಒಬ್ನೇ ಇದ್ದೆ. ಸ್ಟೂಲ್ ಮ್ಯಾಲೆ ಯಾರೋ ಕುಂತಂಗಾಯ್ತು. ಹಸುರು ಸೀರೆ, ಕೈ ತೊಡೆ ಮ್ಯಾಲೆ. ಗಿರಾಕಿ ಅಂದ್ಕಂಡು, ಕರೆಂಟಿಲ್ಲ ಕಣವ್ವ, ಬತ್ತದೆ ಇರು, ಅಂದೆ. ತಲೆಯೆತ್ತಿ ನೋಡ್ದೆ... ಕುತ್ಗೆ ತನಕ ಸರ್ಯಾಗೇ ಅದೆ. ಜಡೆ ಅದೆ, ಜಡೇಲಿ ಮಲ್ಲಿಗೆ ಅದೆ. ಮೊಕ ಇರ್ಬೇಕಾದ ಜಾಗದಲ್ಲಿ ಬೂದಿ-ಬಿಳಿ ಚೌಕಳಿ... ಸಣ್ಣ ಸಣ್ಣ ಚೌಕಳಿ. ಅದ್ರೊಳ್ಗಿಂದ ದನಿ ಬಂತು: ಅಣ್ಣಾ, ನನ್ ಫೋಟೋ ಆಯ್ತಾ?"

ಮಾದಣ್ಣ ಸ್ಟೂಲಿಗೆ ಬೆನ್ನು ಹಾಕಿ ತಿರುಗಿ ಕೂತ. ನಾನೂ ಆ ಸ್ಟೂಲಿನ ಕಡೆ ನೋಡದೆ ರಸ್ತೆ ನೋಡಿದೆ. ದೆವ್ವವನ್ನು ನಾನು ನಂಬುವುದಿಲ್ಲ. ಆದರೆ ಅವರು ಹೆದರಿಸಲು ಹೇಳುತ್ತಿರಲಿಲ್ಲ. ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕಕ್ಕುತ್ತಿದ್ದರು.

"ಕೆಟ್ಟದ್ದು ಮಾಡ್ನಿಲ್ಲ ಅದು. ಬೈನಿಲ್ಲ. ಮಳೆ ಬಂದು ಕರೆಂಟ್ ಓದಾಗೆಲ್ಲ ಬತ್ತಿತ್ತು, ಅದೊಂದೇ ಮಾತು ಕೇಳ್ತಿತ್ತು. ಸಮುದ್ರದ ಚಿತ್ರ ಹುಡುಕಿ ಇಂದ್ಗಡೆ ಆಕಿ ಪ್ರಿಂಟ್ ತಗುದು, ಆ ಸ್ಟೂಲ್ ಮ್ಯಾಲೆ ಇಟ್ಟು ಕೈ ಮುಗ್ದೆ. ಸಮುದ್ರ ಕೊಟ್ರೆ ಸಾಕಾ? ಮೊಕ ಎಲ್ಲಿಂದ ತರ್ಲಿ? ಮೈಸೂರ್ಗೆ ಕಂಪ್ಯೂಟರ್ ಎತ್ಕಂಡೋಗಿ ತೋರುಸ್ದೆ. ಮಾಸ್ಕ್ ಆಕಿದ್ರೆ ತಂದ್ಕೊಡ್ತಿದ್ದೆ ಯಜಮಾನ್ರೇ, ಇದು ಅಳ್ಸೋಗ್ಬುಟ್ಟದೆ, ಅಂದ ಅವ್ನು. ಮಾಸ್ಕ್ ಅನ್ನಾದು ಕಲ್ತಿದ್ದು ಅವತ್ತೇ.

"ಎರಡು ವರ್ಸದ ಕೆಳಗೆ ಹರವೆಗೆ ಓದೆ. ಪುಟ್ಟಸಿದ್ದಮ್ಮ ಜಗಲಿ ಮ್ಯಾಲೆ ಹುರುಳಿ ಕೇರ್ತಿದ್ಲು. ಎಲ್ಲಾ ಏಳ್ಬುಟ್ಟೆ. ಮೊರದಲ್ಲೇ ಬಾರಿಸ್ತಾಳೆ, ಬಾರಿಸ್ಲಿ ಅಂತ ತಲೆ ಬಗ್ಸಿ ನಿಂತಿದ್ದೆ. ಅವ್ಳು ಏನ್ ಕೇಳುದ್ಲು ಗೊತ್ತಾ? ಎಷ್ಟು ಮನೇಲವ್ಳೆ ನನ್ ಕೂಸು?... ಅಂತ. ಅವ್ಳನ್ನ ಇಲ್ಲಿಗೇ ಕರ್ಕಬಂದು ಕಂಪ್ಯೂಟರ್ ತಗುದು ನೋಡ್ದೆ. ಅರವತ್ಮೂರು ಮನೆ. ಊರು, ಮನೆಯೋರ ಎಸ್ರು ಎಲ್ಲಾ ಬರ್ದು ಕೊಡು ಅಂದ್ಲು. ಬರ್ದುಕೊಟ್ಟೆ. ಅವ್ಳಿಗೆ ಓದಾಕ್ ಬರಲ್ಲ, ಬಸ್ಸಲ್ಲಿ ಯಾರ ಕೈಲಾದ್ರೂ ಓದುಸ್ಕತಾಳೆ. ಈಗ ಹೆಂಗಸ್ರಿಗೆ ಬಸ್ ಫ್ರೀ ಅಲ್ವಾ, ಆಧಾರ್ ಕಾರ್ಡ್ ಕೈಲಿಡ್ಕಂಡು ಓಯ್ತಾಳೆ. ಒಂದೊಂದು ಊರ್ಗೆ ಓಗಿ, ಬಾಯಾರ್ಕೆ ನೀರು ಕೊಡ್ರವ್ವ ಅಂತ ಒಳಿಕ್ಕೆ ಓಗಿ, ಗೋಡೆ ಮ್ಯಾಲಿನ ಫೋಟೋ ಮುಂದೆ ನಿಂತ್ಕಂಡು, ಗಾಜಿನ ಮ್ಯಾಲಿಂದ ಆ ಹಳದಿ ಬೆರಳ ಸವರ್ತಾಳೆ. ಮನೆಯೋರು, ಪಾಪ ನಮ್ಮವ್ವುನ್ ಗೊತ್ತಿದ್ದೋಳು ಅಂದ್ಕತಾರೆ. ಹತ್ತು ಮನೇಲಿ ಕಾಫಿ ಕೊಟ್ಟವ್ರೆ, ಎರಡು ಮನೇಲಿ ಕಳ್ಳಿ ಅಂತ ಅಟ್ಟವ್ರೆ."

"ಆ ದೆವ್ವ? ಆಮೇಲೆ ಬರ್ನಿಲ್ವಾ?" ಎಂದ ಮಾದಣ್ಣ, ಮೆಲ್ಲಗೆ.

"ಇಲ್ಲಿಗೆ ಬರ್ನಿಲ್ಲ. ಅದುಕ್ಕೇ ಏಳ್ತಿರಾದು... ಹೋದ್ವರ್ಸ ಸೋಮಮ್ಮುನ ಮಗ ಫೋಟೋ ವಾಪಸ್ ತಂದ. ನಮ್ಮವ್ವುನ್ ಹುಬ್ಬು ಯಾಕೋ ಬೇರೆ ಥರ ಕಾಣ್ತದಲ್ಲ ಬಸವಯ್ಯ, ತೇವ ಹೊಡುದದಾ ನೋಡು, ಅಂದ. ನೋಡ್ದೆ. ಮುದ್ಕಿದು ಬೆಳ್ಳನೆ ದಪ್ಪ ಹುಬ್ಬು. ಆ ಜಾಗದಲ್ಲಿ ತೆಳ್ಳುಗೆ, ಕರ್ರುಗೆ, ಇಪ್ಪತ್ತು ವರ್ಸದ ಹೆಣ್ಣಿನ ಹುಬ್ಬು. ಅವತ್ತು ಈ ಕೈಲೇ ಒಂದೊಂದು ಕೂದ್ಲೂ ಅಳ್ಸಿದ್ದೆ ನಾನು, ಗೊತ್ತಾಗಲ್ವಾ ನಂಗೆ? ಆಮೇಲೆ ಬೇಗೂರಿಂದೊಂದು ಬಂತು, ಮೂಗು ಬೇರೆ. ತೆರಕಣಾಂಬಿದು ತುಟಿ. ಎಲ್ಲಾ ಅವ್ಳು ಓಗಿ ಸವರಿ ಬಂದಿದ್ದ ಮನೆಗಳೇ. ಒಂದೊಂದು ಮನೇಲಿ ಒಂದೊಂದು ಚೂರು... ಮನೆಯೋರ್ಗೆ ಏನೂ ಏಳ್ನಿಲ್ಲ ನಾನು. ಅವ್ರ ಅವ್ವುನ ಮೊಕಾನೂ ಓಯ್ತಾ ಅದೆಯಲ್ಲ, ಅವ್ರಿಗೂ ಇರಾದು ಅದೊಂದೇ ಫೋಟೋ ಅಲ್ವಾ? ಏಳುದ್ರೆ ಆ ತಾಯ್ನ ಯಾರೂ ಮನೆಯೊಳಿಕ್ಕೆ ಬುಡಲ್ಲ.

"ಅವ್ಳು ಬಂದು ಇಲ್ಲೇ ಕುಂತ್ಕತಾಳೆ. ಇವತ್ತು ತುಟಿ ನೋಡ್ಕಬಂದೆ ಕಣಪ್ಪ, ಅಂತಾಳೆ. ನಗ್ತಾವ್ಳೆ, ಅಂತಾಳೆ. ಒಂದು ಊರಲ್ಲಿ ಹುಬ್ಬು ನೋಡಿ, ಇನ್ನೊಂದೂರಲ್ಲಿ ಮೂಗು ನೋಡಿ, ಮನಸ್ಸಲ್ಲೇ ಜೋಡುಸ್ಕತಾ ಕುಂತಿರ್ತಾಳೆ. ಪೂರ್ತಿ ಮೊಕ ನೋಡಾ ತನಕ ಬದುಕಿರ್ತೀನಾ ಬಸವಯ್ಯ, ಅಂತ ಕೇಳ್ತಾಳೆ. ಕೆಮ್ಮು ಜಾಸ್ತಿ ಆಗ್ಯದೆ ಅವ್ಳಿಗೆ."

ಮಳೆ ಸಣ್ಣದಾಗಿತ್ತು. ಸ್ಪಂದನಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ತಾತ, ನಮ್ಮಜ್ಜಿ ಫೋಟೋನೂ ಇಲ್ಲೇ ಮಾಡ್ಸಿದ್ದಂತೆ. ನಮ್ಮಪ್ಪ ಹೇಳ್ತಿದ್ರು. ಸಂತೆಮರಹಳ್ಳೀಲಿ ನಮ್ಮನೆ. ಅಜ್ಜೀದೂ ಹಸುರು ಸೀರೇನೇ..." ಎಂದಳು. "ನಾನು ದಿನಾ ಕೈ ಮುಗ್ದೇ ಡ್ಯೂಟಿಗೆ ಬರೋದು. ಕಣ್ಣು ನಿಂದೇ ಥರ ಅಂತ ಎಲ್ರೂ ಅಂತಾರೆ."

ಚಿಕ್ಕಬಸವಯ್ಯ ಕನ್ನಡಕ ಸರಿಮಾಡಿಕೊಂಡು ಅವಳ ಕಣ್ಣುಗಳನ್ನು ನೋಡಿದರು.

"ಗೊತ್ತು ಕಣಮ್ಮಿ. ನೀ ಒಳಿಕ್ಕೆ ಬಂದಾಗ್ಲೇ ಗೊತ್ತಾಯ್ತು. ಮಳೆ ನಿಂತ್ಮೇಲೆ ಬೇರೆಲ್ಲೂ ನಿಲ್ದೆ ಮನೆಗೋಗ್ಬುಡು, ಓಗಿ ನಿಮ್ಮಜ್ಜಿ ಮೊಕ ಕಣ್ತುಂಬಾ ನೋಡ್ಕಬುಡು. ಬಾಗ್ಲಲ್ಲಿ ಯಾರಾದ್ರೂ ಮುದ್ಕಿ ನೀರು ಕೇಳುದ್ರೆ ಇಲ್ಲ ಅನ್ಬ್ಯಾಡ... ಹುಬ್ಬು, ಮೂಗು, ತುಟಿ, ಗಲ್ಲ, ಎಲ್ಲಾ ಸಿಕ್ಕಾಯ್ತು ಆ ಕೂಸ್ಗೆ. ಕಣ್ಣೊಂದು ಸಿಕ್ಕಿಲ್ಲ, ಪಟ್ಟೀಲಿ ಮುಂದ್ಲು ಮನೆ ನಿಮ್ದೇ. ಪುಟ್ಟಸಿದ್ದಮ್ಮುನ್ನ ಮಧ್ಯಾನ ಎರಡೂವರೆಗೆ ಚಾಮರಾಜನಗರದ ಬಸ್ ಹತ್ತುಸಿದ್ದು ನಾನೇ. ಅಲ್ಲಿಂದ ಸಂತೆಮರಹಳ್ಳಿಗೆ ಎಷ್ಟೊತ್ತಾಯ್ತದೆ, ನೀನೇ ಏಳು?"